ಇಂಗ್ಲಿಷ್ ಮಾಸ್ತರರ ತರಬೇತಿ: ಅಳತೆಗೋಲು ಯಾರದು?

1

ದಲಿತ ವಿಮರ್ಶೆ ಎಂದಕೂಡಲೆ ನಮಗೆ ಕವಿತೆ, ಕಾದಂಬರಿ, ಆತ್ಮಕತೆಗಳು ನೆನಪಾಗುತ್ತವೆ. ಅವನ್ನು ಅಳೆಯುವ ಮಾನದಂಡ ಯಾರದು, ಅದನ್ನು ಯಾರು ಎಲ್ಲಿ ಕೂತು ತಯಾರಿಸಿದರು ಎಂಬ ಜಗಳವನ್ನು ನಮ್ಮ ಹಿರಿಯರು ಎಪ್ಪತ್ತರ ದಶಕದಿಂದ ಆಡುತ್ತ ಬಂದಿದ್ದಾರೆ. ಆ ಜಗಳ ಮುಗಿದಿಲ್ಲ. ಆದರೆ ಈ ಸಂಚಿಕೆಗಾಗಿ ನಾನು ಎತ್ತಿಕೊಂಡಿರುವ ಪಠ್ಯ ಕವಿತೆಯಲ್ಲ, ಒಂದು ಹಾಳೆಯ ಫಾರ್ಮು. ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರ ತರಬೇತಿಯ ಕಡೇ ದಿನ, ಚಹಾ ಆದ ಮೇಲೆ, ಟಿ.ಎ. ಬಿಲ್ಲಿಗೆ ಸಹಿ ಮಾಡುವ ಮೊದಲು ಹಂಚುವ ಫಾರ್ಮು. ತರಬೇತಿ ಉಪಯುಕ್ತವಾಗಿತ್ತೆ? ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿ ತಿಳಿಸಿದರೆ? ಊಟ-ವಸತಿ ಹೇಗಿತ್ತು? ಪ್ರತಿ ಪ್ರಶ್ನೆಯ ಮುಂದೆ ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ಮೂರು ಮನೆಗಳು. ಒಂದರಲ್ಲಿ ಗುರುತು ಹಾಕಿ ಬಸ್ಸು ಹಿಡಿಯಬೇಕು. ಇದಕ್ಕೆ ತರಬೇತಿಯ ಮೌಲ್ಯಮಾಪನ ಎಂದು ಹೆಸರು.

1983ರಿಂದ 2018ರವರೆಗೆ, ಮೂವತ್ತೈದು ವರ್ಷ, ನಾನು ವಿಜಯಪುರ ಶಹರ, ತಿಕೋಟಾ, ಬಬಲೇಶ್ವರ ಭಾಗದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿದೆ. ಈ ಫಾರ್ಮನ್ನು ಹಲವು ಸಲ ತುಂಬಿದ್ದೇನೆ. ಆಮೇಲೆ ನಾನೇ ಸಂಪನ್ಮೂಲ ವ್ಯಕ್ತಿ ಎನಿಸಿಕೊಂಡು ಬೇರೆಯವರಿಂದ ತುಂಬಿಸಿದ್ದೇನೆ. ನಾನು ನೌಕರಿಗೆ ಸೇರಿದಾಗ ಸರ್ಕಾರಿ ಕಾಗದದಲ್ಲಿ ಬಿಜಾಪುರ, ನಮ್ಮ ಬಾಯಲ್ಲಿ ವಿಜಾಪುರ ಆಗಿದ್ದ ಊರು 2014ರ ನವೆಂಬರ್ 1ರಂದು ವಿಜಯಪುರವಾಯಿತು. ಅದೇ ತಾಲ್ಲೂಕಿನ ಹೋಬಳಿ ಊರುಗಳಾಗಿದ್ದ ತಿಕೋಟಾ, ಬಬಲೇಶ್ವರಗಳು 2017-18ರ ಹೊತ್ತಿಗೆ ತಾವೇ ತಾಲ್ಲೂಕುಗಳಾದವು. ಬೋರ್ಡುಗಳು ಬದಲಾದವು. ನಾನು ಕಂಡ ಫಾರ್ಮು ಮಾತ್ರ ಬದಲಾಗಲಿಲ್ಲ. ಅದರಲ್ಲಿ ಒಂದು ಮನೆ ಇಂದಿಗೂ ಇಲ್ಲ: ಈ ಮಾಸ್ತರ ತಿರುಗಿ ತನ್ನ ಸಾಲಿಗೆ ಹೋದಾಗ ಕಡೇ ಬೆಂಚಿನ ಮಗು ಏನು ಕಲಿಯಿತು?

ಈ ಮನೆ ಮರೆತು ಬಿಟ್ಟುಹೋದದ್ದಲ್ಲ, ಅದಕ್ಕೊಂದು ಚರಿತ್ರೆಯಿದೆ ಎಂಬುದು ನನ್ನ ವಾದ. ಆ ಚರಿತ್ರೆ ನಮ್ಮ ಪಕ್ಕದ ಧಾರವಾಡದಲ್ಲೇ ಶುರುವಾಗುತ್ತದೆ.

2

1856ರ ಜೂನಿನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಒಬ್ಬ ಮಹಾರ ಹುಡುಗನ ಅರ್ಜಿ ಬಂತು. ಆಗಿನ್ನೂ ವಿಜಾಪುರ ಜಿಲ್ಲೆ ಇರಲಿಲ್ಲ. ಕಲಾದಗಿಯಿಂದ ಜಿಲ್ಲಾ ಕೇಂದ್ರ ಇಲ್ಲಿಗೆ ಬಂದದ್ದು 1885ರಲ್ಲಿ. ಆದರೆ ಮುಂಬೈ ಸರ್ಕಾರದ ಆಡಳಿತ ಒಂದೇ, ಶಿಕ್ಷಣ ಖಾತೆ ಒಂದೇ. ಅರ್ಜಿ ಮುಂಬೈವರೆಗೆ ಹೋಯಿತು. ಆ ಜುಲೈನಲ್ಲಿ ಹೊರಟ ಸರ್ಕಾರದ ನಿರ್ಣಯ ನಾವು ಮತ್ತೆ ಮತ್ತೆ ಓದಬೇಕಾದ ಪಠ್ಯ. ನ್ಯಾಯವೇನೋ ಹುಡುಗನ ಕಡೆಗಿದೆ ಎಂದು ಅದು ಒಪ್ಪಿಕೊಳ್ಳುತ್ತದೆ. ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ಪೂರ್ವಗ್ರಹಗಳಿಗೆ ಒಮ್ಮೆಲೇ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ದೊಡ್ಡ ಹಾನಿಯಾದೀತು ಎಂದು ಹೇಳಿ ಹುಡುಗನನ್ನು ಹೊರಗೇ ಉಳಿಸುತ್ತದೆ. ಮರುವರ್ಷ ಗವರ್ನರ್ ಜನರಲರ ಕಡೆಯಿಂದ, ಬಂಗಾಲದ ಕಡೆಯ ಸರ್ಕಾರಿ ಶಾಲೆಯಲ್ಲಾದರೆ ಹೀಗೆ ನಿರಾಕರಿಸುತ್ತಿರಲಿಲ್ಲ ಎಂಬರ್ಥದ ಆಕ್ಷೇಪ ಬಂತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕೆಂದರು. ಆದರೆ ಕಾಗದ ಲಂಡನ್ನಿನಿಂದ ಬಂದಷ್ಟು ಬೇಗ ನಮ್ಮ ಮಕ್ಕಳು ಒಳಗೆ ಬರಲಿಲ್ಲ.

ಇದನ್ನು ಅಸ್ಪೃಶ್ಯತೆಯ ಒಂದು ಪ್ರಸಂಗ ಎಂದಷ್ಟೇ ಓದಿ ಮುಂದೆ ಹೋಗುವುದು ಸುಲಭ. ನಾನು ಅದನ್ನು ಒಂದು ಮೌಲ್ಯಮಾಪನ ಎಂದು ಓದುತ್ತೇನೆ. ಶಾಲೆಯ ಒಳಿತು ಎಂದರೆ ಅದಾಗಲೇ ಒಳಗಿದ್ದವರ ಒಳಿತು. ಹೊರಗೆ ನಿಂತವನು ಆ ಲೆಕ್ಕದಲ್ಲಿ ಬರುವುದಿಲ್ಲ, ಬಂದರೆ ಅಡಚಣೆಯಾಗಿ ಬರುತ್ತಾನೆ. ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದೆ ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಮುಂಬೈ ಪ್ರಾಂತದ ದಲಿತ ಶಿಕ್ಷಣದ ಸ್ಥಿತಿಯನ್ನು ಇಟ್ಟಾಗ ಈ ಧಾರವಾಡದ ಹುಡುಗನನ್ನು ಮರೆಯಲಿಲ್ಲ. ಎಪ್ಪತ್ತು ವರ್ಷಗಳ ಬಳಿಕವೂ ಅವನು ಬಾಗಿಲಲ್ಲೇ ಇದ್ದ ಎಂಬುದನ್ನು ಅವರು ಅಂಕಿ-ಸಂಖ್ಯೆಗಳಿಂದ ತೋರಿಸಿದರು.

3

ಇಂಗ್ಲಿಷ್ ನಮ್ಮ ಭಾಗದಲ್ಲಿ ಹೊರಗಿನಿಂದ ಹೇರಿದ ಭಾಷೆ ಎಂದು ವಸಾಹತುಶಾಹಿಯ ಚರ್ಚೆಗಳಲ್ಲಿ ಹೇಳುತ್ತಾರೆ. ಕೇರಿಯ ಕಡೆಯಿಂದ ನೋಡಿದರೆ ಈ ಮಾತಿಗೆ ಅರ್ಥವಿಲ್ಲ. ನಮಗೆ ಯಾರೂ ಇಂಗ್ಲಿಷನ್ನು ಹೇರಲಿಲ್ಲ, ಹೇರಬಾರದೇ ಎಂದು ನಾವೇ ಕಾದೆವು. ಸಾವಿತ್ರಿಬಾಯಿ ಫುಲೆಯವರು 1854ರಷ್ಟು ಹಿಂದೆಯೇ ತಮ್ಮ ಕವಿತೆಗಳಲ್ಲಿ ಇಂಗ್ಲಿಷ್ ಕಲಿಯಿರಿ ಎಂದದ್ದು, ಜೋತಿಬಾ ಅವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಮೇಲಿನವರ ಕಾಲೇಜಿಗೆ ಸುರಿಯುವ ದುಡ್ಡನ್ನು ಕೆಳಗಿನವರ ಸಾಲಿಗೆ ತಿರುಗಿಸಿರೆಂದು ಕೇಳಿದ್ದು ಈ ಕಾಯುವಿಕೆಯ ಮಾತುಗಳೇ.

ಮುಂಬೈ ಕರ್ನಾಟಕದಲ್ಲಿ ಸಾಲಿಗಳು ಎರಡು ಬಗೆ. ಊರೊಳಗಿನದು ಕನ್ನಡ ಸಾಲಿ. ಅದರ ಕೊನೆಗೆ ಮುಲ್ಕಿ ಪರೀಕ್ಷೆ. ಪಟ್ಟಣದಲ್ಲಿರುವುದು ಇಂಗ್ಲಿಷ್ ಸಾಲಿ. ವಿಜಾಪುರದಲ್ಲಿ 1910ರಲ್ಲಿ ಫ.ಗು. ಹಳಕಟ್ಟಿಯವರ ಮುಂದಾಳುತನದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. ವಚನಗಳನ್ನು ಊರೂರು ಹುಡುಕಿ ಅಚ್ಚು ಹಾಕಿದ ಹಳಕಟ್ಟಿಯವರೇ ತಮ್ಮ ಸಮುದಾಯದ ಮಕ್ಕಳಿಗೆ ಹೊಸ ವಿದ್ಯೆಯ ದಾರಿಯನ್ನೂ ಕಟ್ಟಿದರು. ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕಚೇರಿಗಳಲ್ಲಿ ಬ್ರಾಹ್ಮಣರ ಯಜಮಾನಿಕೆ ಇದ್ದ ಕಾಲದಲ್ಲಿ ಅದು ಆಗಬೇಕಾದ ಕೆಲಸ. ಆದರೆ ಹಾಗೆ ಕಟ್ಟಿಕೊಳ್ಳಲು ನಮ್ಮ ಕೇರಿಗಳಿಗೆ ಹೊಲವೂ ಇರಲಿಲ್ಲ, ಮಠವೂ ಇರಲಿಲ್ಲ. 1923ರಲ್ಲಿ ಎಸ್.ಕೆ. ಬೋಲೆಯವರ ಗೊತ್ತುವಳಿ ಮುಂಬೈ ಶಾಸನಸಭೆಯಲ್ಲಿ ಪಾಸಾಗಿ, ಸರ್ಕಾರದ ದುಡ್ಡಿನ ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದಾಯಿತು. 1928ರ ನಂತರ ಅಂಬೇಡ್ಕರರ ಶಿಕ್ಷಣ ಸಂಘ ಹೈಸ್ಕೂಲು ಓದುವ ದಲಿತ ಹುಡುಗರಿಗೆ ಹಾಸ್ಟೆಲುಗಳನ್ನು ನಡೆಸಿತು. ಅವುಗಳಲ್ಲಿ ಧಾರವಾಡದ್ದೂ ಒಂದು. ಇಡೀ ಕನ್ನಡ ಸೀಮೆಗೆ ಅದು ಎಷ್ಟು ಸಣ್ಣ ಕಿಂಡಿ!

ಸ್ವಾತಂತ್ರ್ಯದ ನಂತರ ಮುಂಬೈಯ ಬಿ.ಜಿ. ಖೇರರ ಸರ್ಕಾರ ಇಂಗ್ಲಿಷನ್ನು ಎಂಟನೇ ಇಯತ್ತೆಗೆ ತಳ್ಳಿತು. ಅದಕ್ಕೂ ಕೆಳಗೆ ಅದನ್ನು ಕಲಿಸಬೇಕಾಗಿಲ್ಲ ಎಂಬುದು ದೇಶೀ ಭಾಷೆಗಳ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸ. ಆದರೆ ನನ್ನ ದೊಡ್ಡಪ್ಪನ ಲೆಕ್ಕ ಬೇರೆ. ಅವನು ಮುಲ್ಕಿ ಪಾಸಾಗಿ ಕನ್ನಡ ಸಾಲೀ ಮಾಸ್ತರನಾದ. ಎಂಟನೆಯದು ಅವನ ಊರಲ್ಲಿ ಇರಲಿಲ್ಲ. ಹಾಗಾಗಿ ಇಂಗ್ಲಿಷೂ ಅವನ ಬಾಳಿನಲ್ಲಿ ಬರಲಿಲ್ಲ. ಮನೆಗೆ ತಾರು ಬಂದರೆ ಓದಿಸಿಕೊಳ್ಳಲು ಕುಲಕರ್ಣಿಯವರ ಕಟ್ಟೆಯ ಮುಂದೆ ಹೋಗಿ ನಿಲ್ಲುತ್ತಿದ್ದ. ಓದುವವರು ಕೂತಿರುತ್ತಿದ್ದರು, ಮಾಸ್ತರ ನಿಂತಿರುತ್ತಿದ್ದ. “ಊರಿನ ಹುಡುಗರಿಗೆಲ್ಲಾ ಅಕ್ಷರಾ ಕಲಿಸೇನಿ, ನನ್ನ ತಾರು ನನಗ ಓದಾಕ ಬರೂದಿಲ್ಲ” ಎಂದು ನಗುತ್ತಿದ್ದ. ಆ ನಗೆ ನನಗೆ ಆಗ ಅರ್ಥವಾಗಿರಲಿಲ್ಲ.

ನಾನು ಓದುವಷ್ಟರಲ್ಲಿ ಏಕೀಕರಣವಾಗಿ ಇಂಗ್ಲಿಷ್ ಐದನೇ ಇಯತ್ತೆಗೆ ಇಳಿದಿತ್ತು. ವೇಳಾಪಟ್ಟಿಯಲ್ಲಿ ಇಳಿದಿತ್ತು ಎನ್ನಬೇಕು. ಕಲಿಸುವವರು ನನ್ನ ದೊಡ್ಡಪ್ಪನಂಥವರೇ ಆಗಿದ್ದರು.

4

ಈ ಕೊರತೆಯನ್ನು ತುಂಬಲೆಂದೇ ಇಂಗ್ಲಿಷ್ ಮಾಸ್ತರರ ತರಬೇತಿಯ ಏರ್ಪಾಡು ಬಂತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾದವು. ಆ ಕಾಲದ ಪದ್ಧತಿ ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಎಣಿಸಿಟ್ಟ ಶಬ್ದಗಳೊಂದಿಗೆ, ನಾಲಿಗೆಗೆ ರೂಢಿಯಾಗುವ ತನಕ ಹೇಳಿಸುವುದು. ‘ದಿಸ್ ಈಸ್ ಎ ಪೆನ್’ ಎಂದು ಇಡೀ ವರ್ಗ ಒಂದೇ ದನಿಯಲ್ಲಿ ಕೂಗುತ್ತಿತ್ತು. ಆಮೇಲೆ ಅದೇ ಬೆಂಗಳೂರಿನ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. ವ್ಯಾಕರಣವನ್ನು ಪಾಠ ಮಾಡದೆ, ರೈಲಿನ ವೇಳಾಪಟ್ಟಿ, ನಕಾಶೆ ಇಂಥವನ್ನು ಕೊಟ್ಟು, ಲೆಕ್ಕ ಬಿಡಿಸುವಂತೆ ಯೋಚಿಸಲು ಹಚ್ಚಿದರೆ ಭಾಷೆ ತಾನೇ ಕೂಡಿಬರುತ್ತದೆ ಎಂಬುದು ಅದರ ತಿರುಳು. ಬೆಂಗಳೂರು, ಮದ್ರಾಸು ಕಡೆಯ ಸಾಧಾರಣ ಶಾಲೆಗಳಲ್ಲಿ ನಡೆದ ಈ ಕೆಲಸ ಜಗತ್ತಿನ ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲೆಲ್ಲ ‘ಬೆಂಗಳೂರು ಪ್ರಯೋಗ’ ಎಂದೇ ಹೆಸರಾಯಿತು.

ನಮ್ಮ ವಿಷಯಕ್ಕೆ ಇಲ್ಲಿ ಮುಖ್ಯವಾದದ್ದು ಅದರ ಮೌಲ್ಯಮಾಪನ. ಬೆರೆಟ್ಟಾ ಮತ್ತು ಡೇವಿಸ್ ಎಂಬ ಇಬ್ಬರು ವಿದ್ವಾಂಸರು ಪ್ರಯೋಗದ ಮಕ್ಕಳಿಗೂ ಹಳೇ ಪದ್ಧತಿಯ ಮಕ್ಕಳಿಗೂ ಹಲವು ಬಗೆಯ ಪರೀಕ್ಷೆಗಳನ್ನು ಕೊಟ್ಟು ಹೋಲಿಸಿ 1985ರಲ್ಲಿ ಬರೆದರು. ತೀರ್ಪು ಹೊಸ ಕ್ರಮಕ್ಕೆ ಒಟ್ಟಾರೆ ಅನುಕೂಲವಾಗಿತ್ತು, ಎಚ್ಚರದ್ದೂ ಆಗಿತ್ತು. ತಜ್ಞರ ಕೈಯಲ್ಲಿ ನಡೆದದ್ದು ಸಾಮಾನ್ಯ ಶಾಲಾ ಮಾಸ್ತರರ ಕೈಯಲ್ಲಿ ಅಷ್ಟು ಸಲೀಸಾಗಿ ನಡೆಯಲಿಲ್ಲ ಎಂಬ ಮಾತೂ ಮುಂದೆ ಬಂತು. ಒಪ್ಪುವುದು ಬಿಡುವುದು ಬೇರೆ, ಅವರು ಮಗುವಿನ ತನಕ ಹೋಗಿ ಕೇಳಿದರು. ತರಬೇತಿಯನ್ನು ಅಳೆಯುವ ವಿದ್ಯೆಯಲ್ಲಿ 1959ರಷ್ಟು ಹಿಂದೆಯೇ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬಾತ ನಾಲ್ಕು ಮೆಟ್ಟಿಲು ಹೇಳಿದ್ದ: ಬಂದವರಿಗೆ ಹಿಡಿಸಿತೆ, ಅವರು ಕಲಿತರೆ, ಕಲಿತದ್ದನ್ನು ಕೆಲಸದಲ್ಲಿ ತಂದರೆ, ತಂದದ್ದರಿಂದ ಫಲ ಸಿಕ್ಕಿತೆ. ನಾವು ತುಂಬುವ ಫಾರ್ಮು ಮೊದಲನೇ ಮೆಟ್ಟಿಲಲ್ಲೇ ಕೂತಿದೆ. ಊಟ ಹಿಡಿಸಿತೆ ಎಂಬಲ್ಲಿಗೆ ನಮ್ಮ ವಿಮರ್ಶೆ ಮುಗಿಯುತ್ತದೆ.

ತರಬೇತಿಗಳಿಂದ ನನಗೇನೂ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. 1987ರಲ್ಲಿ ಒಂದು ತಿಂಗಳ ತರಬೇತಿಗೆ ಹೋದೆ. ಬಿ.ಎ., ಬಿ.ಇಡಿ. ಮುಗಿಸಿ ನಾಲ್ಕು ವರ್ಷ ಕಲಿಸಿದ್ದವನು ಇಂಗ್ಲಿಷಿನಲ್ಲಿ ಮೊದಲ ಸಲ ಅಂಜಿಕೆಯಿಲ್ಲದೆ ಮಾತಾಡಿದ್ದು ಅಲ್ಲೇ. ಶಬ್ದದ ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿ ಕಲಿತದ್ದೂ ಅಲ್ಲೇ. ಆದರೆ ಜೋಡಿ ಸಂಭಾಷಣೆಗೆ ಕೂಡಿಸಿದಾಗ ನನ್ನ ಜೋಡಿಯಾಗಿದ್ದ ಮಾಸ್ತರರು ಮೊದಲು ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಆಮೇಲೆ ಕನ್ನಡದಲ್ಲಿ ಅಡ್ಡಹೆಸರು ಕೇಳಿದರು, ಮರುದಿನ ಬೇರೆ ಜೋಡಿ ಹುಡುಕಿಕೊಂಡರು. ಜೋಡಿಯಾಗಿ ಕೂಡುವುದನ್ನೇ ಆಧಾರವಾಗಿಟ್ಟುಕೊಂಡ ಬೋಧನಾ ಪದ್ಧತಿ, ಈ ದೇಶದಲ್ಲಿ ಯಾರು ಯಾರ ಜೋಡಿ ಕೂಡುತ್ತಾರೆ ಎಂಬುದನ್ನು ಕುರಿತು ಒಂದು ಮಾತೂ ಆಡಲಿಲ್ಲ. ಕಡೇ ದಿನ ನಾನೂ ‘ಅತ್ಯುತ್ತಮ’ ಎಂದೇ ಗುರುತು ಹಾಕಿದೆ.

5

ಇನ್ನು ನನ್ನ ಮೇಲೆ ನಾನೇ ಬರೆದುಕೊಳ್ಳಬೇಕಾದ ವಿಮರ್ಶೆ.

1994ರ ಆಗಸ್ಟಿನಲ್ಲಿ ಬಬಲೇಶ್ವರ ಕಡೆಯ ಒಂದು ಹೈಸ್ಕೂಲಿನಲ್ಲಿ ಸುತ್ತಲಿನ ಇಂಗ್ಲಿಷ್ ಶಿಕ್ಷಕರ ತರಬೇತಿ ಇತ್ತು. ಮಾದರಿ ಪಾಠ ಮಾಡುವ ಸರದಿ ನನ್ನದು, ಮಕ್ಕಳು ನನ್ನ ಒಂಬತ್ತನೇ ಇಯತ್ತೆಯವರು. ಇಪ್ಪತ್ತಕ್ಕೂ ಹೆಚ್ಚು ಮಾಸ್ತರರು ಹಿಂದೆ ಕೂತು ನೋಡುವವರಿದ್ದರು. ಅವರಿಗೆ ಕುರ್ಚಿ ಹಾಕಲು ಹಿಂದಿನ ಮೂರು ಬೆಂಚು ತೆಗೆಸಬೇಕಾಯಿತು. ಆ ಬೆಂಚಿನಲ್ಲಿ ಕೂಡುತ್ತಿದ್ದವರು ಬಹುತೇಕ ಕೇರಿಯ ಮಕ್ಕಳು, ಜೊತೆಗೆ ಒಂದೆರಡು ಕುರುಬರ ಹುಡುಗರು. ಅವರನ್ನು ಮುಂದೆ ಒತ್ತರಿಸಿ ಕೂಡಿಸಬಹುದಾಗಿತ್ತು. ನಾನು ಹಾಗೆ ಮಾಡಲಿಲ್ಲ. ಉತ್ತರ ಹೇಳುವ ಮಕ್ಕಳನ್ನು ಉಳಿಸಿಕೊಂಡು ಉಳಿದವರನ್ನು ಪಕ್ಕದ ಕೋಣೆಗೆ ಕಳಿಸಿದೆ. ಹೋಗುವಾಗ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತು, “ಸರ್, ನಾವು ಹೊರಗ ಕುಂದ್ರೂದೇನ್ರಿ?” ಎಂದು ಕೇಳಿದಳು. “ಒಂದ್ ದಿನದ ಮಾತವ್ವಾ, ನಾಳಿಂದ ಒಳಗ ಬರ್ರಿ” ಎಂದೆ.

ಪಾಠ ದಾರಿ ಕೇಳುವುದು, ದಾರಿ ಹೇಳುವುದರ ಮೇಲಿತ್ತು. ಚೆನ್ನಾಗಿ ಆಯಿತು. ಮಕ್ಕಳು ಜೋಡಿಜೋಡಿಯಾಗಿ ಎದ್ದು ಪೋಸ್ಟಾಫೀಸಿಗೆ ಹೇಗೆ ಹೋಗಬೇಕು, ಆಸ್ಪತ್ರೆಗೆ ಎಲ್ಲಿ ತಿರುಗಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮಾಸ್ತರರು ಚಪ್ಪಾಳೆ ತಟ್ಟಿದರು. ಫಾರ್ಮುಗಳೆಲ್ಲ ‘ಅತ್ಯುತ್ತಮ’ ಎಂದು ಬಂದವು. ಹಾಜರಿಯಲ್ಲಿ ಎಷ್ಟು ಮಕ್ಕಳು, ಕೋಣೆಯಲ್ಲಿ ಎಷ್ಟು ಮಕ್ಕಳು ಎಂದು ಇಪ್ಪತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳುವ ಮನೆ ಫಾರ್ಮಿನಲ್ಲೂ ಇರಲಿಲ್ಲ.

ನಾನು ಅದೇ ಕೇರಿಯಿಂದ ಬಂದವನು. ಅದೇ ವರ್ಷ ನಮ್ಮ ಜಿಲ್ಲೆಯ ಮುದ್ದೇಬಿಹಾಳದವರಾದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಹೊರಬಂದಿತ್ತು. ಅದನ್ನು ಓದಿ ಗೆಳೆಯರ ಮುಂದೆ ಭಾಷಣ ಮಾಡಿದವನೂ ನಾನೇ. ಧಾರವಾಡದ ಅರ್ಜಿಯ ಕತೆಯನ್ನು ಮುಂದೆಂದೋ ಅಂಬೇಡ್ಕರರ ಬರಹದಲ್ಲಿ ಓದಿದಾಗ ನನ್ನ ಎದೆ ಧಸಕ್ಕೆಂದಿತು. ಒಬ್ಬಿಬ್ಬರಿಗಾಗಿ ಶಿಕ್ಷಣದ ಕೆಲಸ ಕೆಡಬಾರದು ಎಂದು 1856ರಲ್ಲಿ ಸರ್ಕಾರ ಹೇಳಿತ್ತು. ಒಂದ್ ದಿನದ ಮಾತವ್ವಾ ಎಂದು 1994ರಲ್ಲಿ ನಾನು ಹೇಳಿದೆ. ಆ ಹುಡುಗಿ ದೀಪಾವಳಿ ಆದ ಮೇಲೆ ಸಾಲಿಗೆ ಬರಲಿಲ್ಲ. ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಸಾಂಗಲಿ ಕಡೆ ಹೋದಳು ಎಂದರು. ಹೋಗಿದ್ದು ನನ್ನ ಮಾದರಿ ಪಾಠದ ದೆಸೆಯಿಂದಲ್ಲ, ಬಡತನದಿಂದ. ಆದರೆ ಅವಳು ತಿರುಗಿ ಬರಲು ಈ ಸಾಲಿಯಲ್ಲಿ ಅವಳದು ಅಂತ ಒಂದು ಜಾಗ ಇತ್ತೆ ಎಂದು ಕೇಳಿಕೊಂಡರೆ ನನ್ನ ಬಳಿ ಉತ್ತರವಿಲ್ಲ.

ಇದನ್ನು ನನ್ನೊಬ್ಬನ ತಪ್ಪೊಪ್ಪಿಗೆ ಎಂದು ಓದಬೇಡಿ. ತರಬೇತಿ ನನಗೆ ಕಲಿಸಿದ್ದು ನೋಡುವವರ ಕಣ್ಣಿಗೆ ಚೆಂದ ಕಾಣುವ ಪಾಠ. ಅಳತೆಗೋಲು ಹಿಂದಿನ ಕುರ್ಚಿಯಲ್ಲಿ ಕೂತವರ ಕೈಯಲ್ಲಿತ್ತು. ಅಳೆಯುವವರಿಗೆ ಬೇಕಾದಂತೆ ಮಾಸ್ತರ ಬಾಗುತ್ತಾನೆ. ಮೇಲಿನ ಜಾತಿಯವನೂ ಬಾಗುತ್ತಾನೆ, ಕೆಳಗಿನಿಂದ ಬಂದವನು ಇನ್ನೂ ಒಂದು ತೂಕ ಹೆಚ್ಚು ಬಾಗುತ್ತಾನೆ, ಏಕೆಂದರೆ ‘ಇಂವಗ ಇಂಗ್ಲಿಷ್ ಬರತೈತೇನ?’ ಎಂಬ ಪ್ರಶ್ನೆ ಅವನ ಬೆನ್ನಿಗೆ ಸದಾ ಇರುತ್ತದೆ.

6

ಇಂಗ್ಲಿಷ್ ಬೇಕೆ ಬೇಡವೆ ಎಂಬ ಚರ್ಚೆ ನಮ್ಮಲ್ಲಿ ಸಾಕಷ್ಟು ನಡೆದಿದೆ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದಷ್ಟೇ ಊರೆಲ್ಲ ನೆನಪಿಟ್ಟಿತು. ಇಂಗ್ಲಿಷ್ ಕಲಿಯಿರಿ ಎಂಬ ಅವರ ಕಾಳಜಿ ಗದ್ದಲದಲ್ಲಿ ಮುಚ್ಚಿಹೋಯಿತು. 1982ರ ಗೋಕಾಕ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿದವರಲ್ಲಿ ನಮ್ಮವರೂ ಇದ್ದರು. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2010ರಲ್ಲಿ ದೇವನೂರ ಮಹಾದೇವ ಅವರು ಶಿಕ್ಷಣದಲ್ಲಿ ಕನ್ನಡ ನೆಲೆಗೊಳ್ಳದಿರುವಾಗ ತಮಗೇಕೆ ಎಂದು ನೃಪತುಂಗ ಪ್ರಶಸ್ತಿಯನ್ನು ನಿರಾಕರಿಸಿದರು. ಅದೇ ವರ್ಷ ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ ಚಂದ್ರಭಾನ್ ಪ್ರಸಾದರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. 2019ರಲ್ಲಿ ರಾಜ್ಯ ಸರ್ಕಾರವೇ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ಈ ಎರಡೂ ಪಕ್ಷಗಳಲ್ಲಿ ನಮ್ಮ ಜನರೇ ಇದ್ದಾರೆ, ಎರಡೂ ಕಡೆ ನೋವಿದೆ. ಆದರೆ ಎರಡೂ ಕಡೆಯವರು ಬಿಟ್ಟ ಪ್ರಶ್ನೆ ಒಂದೇ: ಕಲಿಸುವವನನ್ನು ತಯಾರು ಮಾಡಿದವರು ಯಾರು, ಅವನ ಕಲಿಸುವಿಕೆಯನ್ನು ಯಾರ ಕಲಿಕೆಯಿಂದ ಅಳೆದಿರಿ? ಗುಡಿ ಕಟ್ಟಿದರೂ ಪೂಜಾರಿಯೇ ಬೇಕಾಗುತ್ತದೆ. ಕನ್ನಡದ ಗುಡಿಯಲ್ಲಿ ನಾವು ಕಂಡ ಪೂಜಾರಿ ಇಂಗ್ಲಿಷಿನ ಗುಡಿಯಲ್ಲಿ ಬೇರೆಯಾಗಿರುತ್ತಾನೆಂದು ನಂಬಲು ಆಧಾರವಿಲ್ಲ.

ತರಬೇತಿಗಳಿಗೇನೂ ಬರವಿಲ್ಲ. 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ 2018ರಲ್ಲಿ ಸಮಗ್ರ ಶಿಕ್ಷಣದಲ್ಲಿ ಸೇರಿತು. ಕೊರೋನಾ ನಂತರ, 2021ರಿಂದ, ಪ್ರೌಢಶಾಲಾ ಶಿಕ್ಷಕರಿಗೆ ನಿಷ್ಠಾ ಎಂಬ ಹೆಸರಿನ ಆನ್‌ಲೈನ್ ಪಾಠಗಳು ಮೊಬೈಲಿಗೇ ಬಂದವು. ವಿಡಿಯೋ ಓಡಿಸಿ, ಪ್ರಶ್ನೆಗೆ ಉತ್ತರ ಒತ್ತಿದರೆ ಸರ್ಟಿಫಿಕೇಟು. ಇತ್ತ ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯೆಂದರೆ ಬರವಣಿಗೆ. ಫಲಿತಾಂಶ ಏರಿಸಲು ‘ಪಾಸಿಂಗ್ ಪ್ಯಾಕೇಜ್’ ಎಂದು ಪತ್ರಲೇಖನ, ಕಂಠಪಾಠದ ಪದ್ಯ, ನಕ್ಷೆ ನೋಡಿ ಬರೆಯುವುದನ್ನು ತಿಕ್ಕಿಸುತ್ತೇವೆ. ಮಗು ಪಾಸಾಗುತ್ತದೆ, ಒಂದು ಮಾತೂ ಆಡದೆ ಪಾಸಾಗುತ್ತದೆ.

7

ಹಾಗಾದರೆ ಹೇಗೆ ಅಳೆಯಬೇಕು? ತಿಕೋಟಾದಲ್ಲಿ ಕಲಿಸುವಾಗ ಕಂಡದ್ದೊಂದನ್ನು ಹೇಳಿ ಮುಗಿಸುತ್ತೇನೆ. ಅದು ದ್ರಾಕ್ಷಿಯ ಸೀಮೆ. ಚಾಟ್ನಿಯ ದಿನಗಳಲ್ಲಿ, ಎಣ್ಣಿ ಹೊಡೆಯುವ ದಿನಗಳಲ್ಲಿ ನಮ್ಮ ಮಕ್ಕಳ ಮನೆಯವರು ಬೇರೆಯವರ ತೋಟದಲ್ಲಿ ಕೂಲಿಗೆ ಇರುತ್ತಾರೆ. ಒಮ್ಮೆ ಒಬ್ಬ ಹುಡುಗ ಔಷಧದ ಖಾಲಿ ಡಬ್ಬಿಯ ಮೇಲಿನ ಚೀಟಿಯನ್ನು ಕಿತ್ತು ತಂದು ನನ್ನ ಮುಂದೆ ಹಿಡಿದ. “ಇದರಾಗ ಏನ್ ಬರದೈತ್ರಿ ಸರ್? ನಮ್ಮಪ್ಪಗ ಇದನ್ನ ಹೊಡದ ಮ್ಯಾಲ ಕಣ್ಣು ಉರಿತಾವ್ರಿ.” ಸಣ್ಣ ಅಕ್ಷರದ ಇಂಗ್ಲಿಷನ್ನು ನಾನೂ ತಡವರಿಸುತ್ತ ಓದಿದೆ. ಕೈಗವಸು ಹಾಕಿರಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯಿರಿ ಎಂದಿತ್ತು. ಮರುದಿನ ಅದನ್ನೇ ಪಾಠ ಮಾಡಿದೆ. ಅವತ್ತು ಹಿಂದಿನ ಬೆಂಚು ಮಾತಾಡಿತು. ಅವರಿಗೆ ಗೊತ್ತಿದ್ದ ವಿಷಯ, ಗೊತ್ತಿಲ್ಲದ ಭಾಷೆ. ಮುಂದಿನ ಬೆಂಚಿನವರು ಅವರನ್ನು ತಿರುಗಿ ತಿರುಗಿ ನೋಡಿದರು. ಯಾವ ತರಬೇತಿಯಲ್ಲೂ ನಾನು ಇದನ್ನು ಕಲಿತಿರಲಿಲ್ಲ. ಆದರೆ ತರಬೇತಿಯ ಪದ್ಧತಿ ಇಲ್ಲದಿದ್ದರೆ ಆ ಚೀಟಿಯನ್ನು ಪಾಠವಾಗಿಸಲೂ ನನಗೆ ಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಆದ್ದರಿಂದ ತರಬೇತಿಯೇ ಬೇಡ ಎನ್ನುವವನಲ್ಲ ನಾನು. ಅಳತೆಯನ್ನು ಬದಲಿಸಿ ಎನ್ನುತ್ತೇನೆ. ತರಬೇತಿ ಮುಗಿದ ದಿನ ಅಳೆಯಬೇಡಿ. ಆರು ತಿಂಗಳ ಮೇಲೆ, ಮಾಸ್ತರನ ಸ್ವಂತ ಸಾಲಿಗೆ ಹೇಳದೆ ಹೋಗಿ ಅಳೆಯಿರಿ. ಮಾದರಿ ಪಾಠ ನೋಡಬೇಡಿ. ಸೋಮವಾರದ ಸಾದಾ ಪಾಠ ನೋಡಿ. ಹಾಜರಿ ಪುಸ್ತಕ ತೆಗೆದು ಯಾರು ಒಳಗಿದ್ದಾರೆ, ಯಾರು ಕೇರಿಯಲ್ಲಿ ಉಳಿದಿದ್ದಾರೆ, ಯಾರು ಗುಳೆ ಹೋಗಿದ್ದಾರೆ ಎಂದು ಎಣಿಸಿ. ಒಂದು ತಾಸಿನಲ್ಲಿ ಮಾಸ್ತರ ಯಾರ ಹೆಸರು ಹಿಡಿದು ಪ್ರಶ್ನೆ ಕೇಳಿದ, ಯಾರ ಹೆಸರನ್ನು ಒಮ್ಮೆಯೂ ಕರೆಯಲಿಲ್ಲ ಎಂದು ಗೆರೆ ಎಳೆಯಿರಿ. ಜೋಡಿಯಾಗಿ ಕೂತವರು ಯಾರು ಯಾರು ಎಂದು ನೋಡಿ. ಮಾಸ್ತರನಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅವನ ಮಾನ ಕಳೆಯದೆ ಕೇಳಿ. ಬರದಿದ್ದರೆ ಪದ್ಧತಿಯ ಹೆಸರು ಹೇಳಿ ಕಳಿಸದೆ ಭಾಷೆಯನ್ನೇ ಕಲಿಸಿ. ಕೊನೆಗೆ ಫಾರ್ಮನ್ನು ಮಗುವಿನ ಕೈಗೂ ಕೊಡಿ, ಕನ್ನಡದಲ್ಲೇ ಕೊಡಿ. ಅದು ಬರೆಯುವ ಉತ್ತರ ನಮಗೆ ಹಿಡಿಸಲಿಕ್ಕಿಲ್ಲ.

ಪಠ್ಯದಲ್ಲಿ ಇಲ್ಲದವರನ್ನು ಹುಡುಕುವುದು ದಲಿತ ವಿಮರ್ಶೆ ನಮಗೆ ಕಲಿಸಿದ ಮೊದಲ ಪಾಠ. ಕಾವ್ಯದಲ್ಲಿ ನಾವದನ್ನು ಮಾಡಿದ್ದೇವೆ. ಹಾಜರಿ ಪುಸ್ತಕದಲ್ಲಿ, ತರಬೇತಿಯ ಫಾರ್ಮಿನಲ್ಲಿ ಮಾಡುವುದು ಬಾಕಿಯಿದೆ. ಬಬಲೇಶ್ವರದ ಕಡೆಯ ಆ ಹುಡುಗಿಗೆ ಈಗ ನಲವತ್ತು ದಾಟಿರಬೇಕು. ಅವಳ ಮಕ್ಕಳು ಯಾವುದೋ ಸಾಲಿಯಲ್ಲಿ ಇಂಗ್ಲಿಷ್ ಓದಿರುತ್ತಾರೆ, ಓದದೆಯೂ ಇದ್ದಾರು. ಅವಳು ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಯನ್ನು ಆ ಫಾರ್ಮಿನ ಮೊದಲನೇ ಪ್ರಶ್ನೆಯಾಗಿ ಅಚ್ಚು ಹಾಕಿಸಬೇಕೆಂಬುದು ನನ್ನ ಒಂದೇ ಬೇಡಿಕೆ.